ಹತ್ತು ದಿನದ ಹಡಗು

ಚಲುವರಾಜುವಿಗೆ ಹಡಗು ಬೇಕಿರಲಿಲ್ಲ. ಹಡಗು ಬೇಕಿದ್ದದ್ದು ಅವನ ಹೆಂಡತಿ ಕುಸುಮಳಿಗೆ. ಬಂಡೂರಿನ ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ, ಗೋಡೆಯ ಪಟದಲ್ಲಿದ್ದ ಹಡಗು ತೋರಿಸಿ ಮಕ್ಕಳಿಗೆ ‘ಹ’ ಕಲಿಸಿದವಳು ಅವಳು. ಮಕ್ಕಳು ‘ಅಡಗು’ ಎನ್ನುತ್ತಿದ್ದವು, ಇವಳು ತಿದ್ದುತ್ತಿದ್ದಳು, ಅವು ಮತ್ತೆ ‘ಅಡಗು’ ಎನ್ನುತ್ತಿದ್ದವು. ಸಮುದ್ರವನ್ನು ಮಾತ್ರ ಅವಳು ಕಣ್ಣಾರೆ ಕಂಡಿರಲಿಲ್ಲ. ಶಿವನಸಮುದ್ರಕ್ಕೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದಳು, ಆದರೆ ಅದು ಹೆಸರಿಗಷ್ಟೇ ಸಮುದ್ರ.

ಹಾಗಾಗಿ ಮದ್ದೂರಿನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ವಡೆ ತಿನ್ನುತ್ತಿದ್ದಾಗ ಯಾರೋ ಬಂದು ಚೀಟಿ ಕೊಟ್ಟು, ಹೆಸರು, ಫೋನ್ ನಂಬರು ಬರೆಯಿರಿ ಎಂದರೆ ಬರೆದುಕೊಟ್ಟವಳು ಅವಳೇ. ಅದನ್ನು ಅವಳು ಆಮೇಲೆಯೂ ಮುಚ್ಚಿಡಲಿಲ್ಲ. ವಾರದೊಳಗೆ ಫೋನು ಬಂತು. ನಿಮಗೆ ಬಹುಮಾನ ಬಂದಿದೆ, ಮುಂಬೈಯಿಂದ ಇಬ್ಬರಿಗೆ ನಾಲ್ಕು ದಿನದ ಹಡಗು ಪ್ರವಾಸ, ಪೂರ್ತಿ ಉಚಿತ. ಭಾನುವಾರ ಮದ್ದೂರಿನ ಆಫೀಸಿಗೆ ಬಂದು ತೊಂಬತ್ತು ನಿಮಿಷ ನಮ್ಮ ಮಾತು ಕೇಳಿದರೆ ಸಾಕು. ಆದರೆ ಗಂಡ ಹೆಂಡತಿ ಜೊತೆಯಾಗಿಯೇ ಬರಬೇಕು, ಒಬ್ಬರೇ ಬಂದರೆ ಬಹುಮಾನವಿಲ್ಲ.

ಚಲುವರಾಜುವನ್ನು ಮನೆಯಿಂದ ಹೊರಡಿಸುವುದೇ ದೊಡ್ಡ ಸಾಹಸ. ಅವನದು ಕುರಿಯ ಬದುಕು. ಮೋಟು ಕಾಲಿನ, ಮೈತುಂಬಿದ ಬಂಡೂರು ಕುರಿಗಳು ಅವನಿಗೆ ಮನುಷ್ಯರಿಗಿಂತ ಚೆನ್ನಾಗಿ ಅರ್ಥವಾಗುತ್ತವೆ. ಸಂತೆಯಲ್ಲಿ ಟವಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬೆಲೆ ಕುದುರಿದ ಮೇಲೆ ಕೈಮೇಲೆ ಕೈ ಹಾಕಿದರೆ ಅಲ್ಲಿಗೆ ಮುಗಿಯಿತು. ರಸೀದಿಯಿಲ್ಲ, ಸಾಕ್ಷಿಯಿಲ್ಲ, ಹಿಂದೆ ಸರಿಯುವ ಮಾತೇ ಇಲ್ಲ. ಒಮ್ಮೆ ತನ್ನ ಟಗರು ಮಾರಲು ಕೈ ಹಾಕಿ ಅವನು ಬೀಡಿ ಹಚ್ಚುವಷ್ಟರಲ್ಲಿ ಇನ್ನೊಬ್ಬ ಬಂದು ಆರು ಸಾವಿರ ಹೆಚ್ಚು ಕೊಡುತ್ತೇನೆಂದ. ಚಲುವರಾಜು ತಿರುಗಿಯೂ ನೋಡಲಿಲ್ಲ. ಸಂತೆಯ ಜನ ಇವತ್ತಿಗೂ ಅದನ್ನು ಹೇಳಿಕೊಂಡು ಹೊಗಳುತ್ತಾರೆ. ಆ ವರ್ಷ ಹೆಂಚು ಬದಲಿಸಲಾಗದೆ ಮಳೆಗಾಲವಿಡೀ ಅಡುಗೆಮನೆಯಲ್ಲಿ ಪಾತ್ರೆ ಇಟ್ಟು ಸೋರುವ ನೀರು ಹಿಡಿದವಳು ಕುಸುಮ. ಅವಳನ್ನು ಯಾರೂ ಹೊಗಳಲಿಲ್ಲ.

ಭಾನುವಾರ ಇಬ್ಬರೂ ಹೋದರು. ತೊಂಬತ್ತು ನಿಮಿಷ ಎಂದದ್ದು ನಾಲ್ಕು ಗಂಟೆಯಾಯಿತು. ಜೋರು ಹಾಡು, ಗೋಡೆಯಗಲದ ಟಿವಿಯಲ್ಲಿ ನೀಲಿ ನೀರು, ಸುತ್ತ ಹತ್ತಾರು ಮೇಜು, ಒಂದೊಂದು ಮೇಜಿಗೆ ಒಂದೊಂದು ಜೋಡಿ. ಇವರ ಮೇಜಿಗೆ ಬಂದವನು ಹೇಮಂತ್ ಎಂಬ ಟೈ ಕಟ್ಟಿದ ಹುಡುಗ.

“ನಾನೂ ಬೆಳಕವಾಡಿ ಕಡೆಯೋನೇ ಅಣ್ಣ. ನಮ್ಮೋರಿಗೆ ಮೋಸ ಮಾಡ್ತೀನಾ?” ಎಂದು ಕುರ್ಚಿ ಎಳೆದುಕೊಂಡು ಕೂತ. ಅವನು ಮಾರುತ್ತಿದ್ದದ್ದು ರಜೆ. ಒಂದು ಸಲ ಸದಸ್ಯರಾದರೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ಕಂಪನಿಯ ಯಾವ ರೆಸಾರ್ಟಿನಲ್ಲಾದರೂ ಉಳಿಯಬಹುದು.

ಹಿಂದಿನ ತಿಂಗಳಷ್ಟೇ ಅರವತ್ತು ತುಂಬಿ ನಿವೃತ್ತಿಯಾಗಿದ್ದ ಕುಸುಮ ಮನಸ್ಸಿನಲ್ಲೇ ಕೂಡಿಸಿ ನೋಡಿದಳು. “ಎಂಬತ್ತೈದರ ಗಂಟ ರಜ ಆಕ್ಕೊಂಡು ಎಲ್ಲಿಗಪ್ಪ ಓಗದು?” ಎಂದಳು. ಚಲುವರಾಜುವೂ, “ನಮ್ಗೆ ಬ್ಯಾಡ ಕಣಪ್ಪ. ಕುರಿ ಬುಟ್ಟು ನಾನೆಲ್ಲಿಗೂ ಓಗಕಿಲ್ಲ. ಆ ಅಡಗಿನ ಚೀಟಿ ಕೊಟ್ಬುಡು, ಒಂಟೋಯ್ತೀವಿ” ಎಂದ.

ಅಲ್ಲಿಗೆ ಎದ್ದುಬಿಟ್ಟಿದ್ದರೆ ಎಲ್ಲವೂ ಸರಿಯಿತ್ತು. ಆದರೆ ಹೇಮಂತ್ ಬೆಲೆ ಇಳಿಸಿದ. ಆಮೇಲೆ ಒಳಗಿನಿಂದ ಮ್ಯಾನೇಜರು ಬಂದು ಇನ್ನಷ್ಟು ಇಳಿಸಿದ. ಇಳಿಯುವ ಬೆಲೆ ಕಂಡು ಚಲುವರಾಜುವಿನ ಸಂತೆಯ ರಕ್ತ ಕುದಿಯತೊಡಗಿತು. ಇನ್ನೂ ಇಳಿಸು ಎಂದ. ಅವರು ಆಗಲ್ಲ ಎಂದರು. ಇವನು ಎದ್ದು ನಿಂತ. ಅವರು ತೋಳು ಹಿಡಿದು ಕೂರಿಸಿದರು. ಸರಕು ಬೇಕೋ ಬೇಡವೋ ಎಂಬುದು ಮರೆತೇಹೋಗಿ ಬೆಲೆಯೊಂದೇ ಉಳಿಯಿತು. ಕುಸುಮ ಮೇಜಿನಡಿಯಲ್ಲಿ ಕಾಲು ತುಳಿದಳು, ಅವನಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಹೇಮಂತ್, “ಆಯ್ತು ಬುಡಣ್ಣ, ನೀವೇ ಗೆದ್ರಿ” ಎಂದು ನಕ್ಕು ಕೈ ಚಾಚಿದ. ಚಲುವರಾಜು ಅವನ ಕೈಮೇಲೆ ತನ್ನ ಕೈ ಹಾಕಿದ.

ಅದನ್ನು ಕಂಡದ್ದೇ ಕುಸುಮ ಮಡಿಲಲ್ಲಿದ್ದ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು.

“ಕಾರ್ಡು ತೆಗಿಯಮ್ಮಿ” ಎಂದ ಗಂಡ. ಅವಳ ಖಾತೆಯಲ್ಲಿದ್ದದ್ದು ನಿವೃತ್ತಿಯ ಇಡಿಗಂಟು. ಅದರಲ್ಲಿ ಏನು ಮಾಡಬೇಕೆಂದು ಅವಳಿನ್ನೂ ಯೋಚಿಸಿರಲಿಲ್ಲ. ಯೋಚಿಸದೆ ಸುಮ್ಮನೆ ಇಟ್ಟುಕೊಂಡಿರುವುದೇ ಒಂದು ಸುಖವಾಗಿತ್ತು. ಅಷ್ಟು ಜನರ ಎದುರು ಗಂಡನ ಮಾತು ಕೆಡಿಸುವುದು ಹೇಗೆಂದು ಕಾರ್ಡು ತೆಗೆದುಕೊಟ್ಟಳು. ಇಡಿಗಂಟು ಮೊದಲ ಕಂತಿಗೇ ಹೋಯಿತು, ಉಳಿದದ್ದನ್ನು ತಿಂಗಳು ತಿಂಗಳು ಕಟ್ಟಬೇಕು. ಕಾರ್ಡು ಕೊಟ್ಟದ್ದಕ್ಕೆ ತನ್ನ ಮೇಲೆಯೇ ಅವಳಿಗೆ ಬಂದ ಸಿಟ್ಟು ಊರು ತಲುಪಿದರೂ ಇಳಿಯಲಿಲ್ಲ.

ಮೂರನೆಯ ದಿನ ಕನ್ನಡಕ ಹಾಕಿಕೊಂಡು, ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ಅವರು ಕೊಟ್ಟಿದ್ದ ಕರಾರಿನ ಕಾಗದ, ಹಡಗಿನ ನೀಲಿ ಚೀಟಿ ಎಲ್ಲವನ್ನೂ ಓದಿದಳು. ಹಡಗು ಉಚಿತ, ಆದರೆ ಬಂದರಿನ ಶುಲ್ಕ, ತೆರಿಗೆ, ಮುಂಬೈವರೆಗಿನ ಖರ್ಚು ನಿಮ್ಮದು. ಹೊರಡುವ ದಿನ ಯಾವುದೆಂದು ಕಂಪನಿಯೇ ಹೇಳುತ್ತದೆ. ಕಂತು ತಪ್ಪಿದರೆ ಹಡಗೂ ಇಲ್ಲ. ಹನ್ನೊಂದನೆಯ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ಹತ್ತು ದಿನದೊಳಗೆ ಇಬ್ಬರೂ ಬಂದು ಬೇಡವೆಂದು ಸಹಿ ಹಾಕಿದರೆ ಕಟ್ಟಿದ ಹಣ ಪೂರ್ತಿ ವಾಪಸು.

ಕುಸುಮ ಕೊಟ್ಟಿಗೆಗೆ ಓಡಿದಳು. “ಅತ್ತು ದಿನದೊಳ್ಗೆ ಬ್ಯಾಡ ಅಂದ್ರೆ ದುಡ್ಡು ವಾಪ್ಸು ಅಂತ ಅವ್ರೇ ಬರ್ದವ್ರೆ. ನಡೀರಿ, ಸೈನಾಕಿ ಬರನ.”

“ಕೈಮ್ಯಾಲೆ ಕೈ ಆಕಿವ್ನಿ ಕಣಮ್ಮಿ” ಎಂದ ಚಲುವರಾಜು, ಕುರಿಗೆ ಸೊಪ್ಪು ಕಟ್ಟುತ್ತ.

“ನೀವ್ ಕೈ ಆಕಿದ್ದು ಕುರಿಗಲ್ಲ, ಕಾಗ್ದಕ್ಕೆ!”

“ಯಾವುದ್ಕಾದ್ರೇನು? ಆ ಟೈ ಕಟ್ಟಿದ ಐದ ತಾನಾಗಿ ಬುಟ್ಟೆ ಅನ್ಬೇಕು. ಅವ್ನು ಅನ್ನೋಗಂಟ ನಾನಾಗಿ ಇಂದುಕ್ಕೆ ಸರಿಯಾಕಿಲ್ಲ.”

ನಾಲ್ಕನೆಯ ದಿನ ಕುಸುಮ ಕೂಗಾಡಿದಳು. ಐದನೆಯ ದಿನ ಅತ್ತಳು. ಆರು, ಏಳರಲ್ಲಿ ಮಾತು ಬಿಟ್ಟಳು. ಎಂಟನೆಯ ದಿನ ಸಾರಿಗೆ ಉಪ್ಪು ಹಾಕಲಿಲ್ಲ, ಅವನು ತಲೆ ತಗ್ಗಿಸಿಕೊಂಡು ಎರಡು ಮುದ್ದೆ ಉಂಡು ಎದ್ದ. ಅವನಿಗೂ ಸಂಕಟವಿತ್ತು, ಹಾಸಿಗೆಯಲ್ಲಿ ಹೊರಳಾಡುತ್ತಿದ್ದ. ಅದು ಗೊತ್ತಿದ್ದೂ ಅವಳಿಗೆ ಮರುಕ ಬರಲಿಲ್ಲ. ಅವನ ಒಳ್ಳೆಯ ಹೆಸರಿಗೆ ಪ್ರತಿ ಸಲವೂ ದಂಡ ತೆತ್ತವಳು ತಾನು. ಸಂತೆಯಲ್ಲಿ ಸತ್ಯವಂತ, ಮನೆಯಲ್ಲಿ ಕಿವುಡ. ಇಂಥವನ ಜೊತೆ ಮೂವತ್ತನಾಲ್ಕು ವರ್ಷ ಬದುಕಿದ್ದೇನಲ್ಲ ಎಂದು ಹಲ್ಲು ಕಚ್ಚಿದಳು.

ಹತ್ತನೆಯ ದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿದಳು. ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಮದ್ದೂರಿನ ಆಫೀಸು ಮುಟ್ಟುವಾಗ ಹನ್ನೊಂದು ದಾಟಿತ್ತು. ಕೌಂಟರಿನಲ್ಲಿದ್ದ ಶ್ವೇತ ಎಂಬ ಹುಡುಗಿ ಎರಡು ಗಂಟೆ ಕಾಯಿಸಿ, ಕಾಗದ ನೋಡಿ, “ಇಬ್ರೂ ಸೈನ್ ಮಾಡ್ಬೇಕು ಮೇಡಂ. ಸರ್ ಇಲ್ದೆ ಆಗಲ್ಲ. ಐದೂವರೆಗೆ ಕ್ಲೋಸ್” ಎಂದಳು. ಮಾರುವಾಗಲೂ ಜೋಡಿ ಬೇಕು, ಬಿಡುವಾಗಲೂ ಜೋಡಿ ಬೇಕು. ಮೂವತ್ತೊಂದು ವರ್ಷ ದುಡಿದದ್ದು ಮಾತ್ರ ಒಬ್ಬಳೇ.

ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. “ಇವತ್ತೇ ಕೊನೆ. ನೀವ್ ಬರೋಗಂಟ ನಾನ್ ಇಲ್ಲಿಂದ ಏಳಾಕಿಲ್ಲ. ಬಾಗ್ಲು ಆಕುದ್ರೆ ಮೆಟ್ಟಿಲ ಮ್ಯಾಲೆ ಕುಂತಿರ್ತೀನಿ.”

ಕುರಿಗಳ ಸದ್ದಿನ ನಡುವೆ ಅವನ ದನಿ ಕೇಳಿತು. “ಬತ್ತೀನಿ. ಆದ್ರೆ ಆ ಐದನ್ನ ನಾನೇ ಕೇಳ್ತೀನಿ. ಅವ್ನು ಬುಟ್ಟೆ ಅಂದ್ರೆ ಸೈನಾಕ್ತೀನಿ. ಇಲ್ಲಾಂದ್ರೆ ಇಲ್ಲ.”

ಕುಸುಮ ಫೋನು ಕೆಳಗಿಟ್ಟು ಮೂಲೆಯ ಕುರ್ಚಿಯಲ್ಲಿ ಕೂತಳು. ಬಲೆಗೆ ಬಿದ್ದ ಗಿರಾಕಿಯನ್ನು ಯಾವ ವ್ಯಾಪಾರಿ ತಾನಾಗಿ ಬಿಟ್ಟಾನು? ತನ್ನ ದುಡ್ಡಿನ ಹಣೆಬರಹ ಈಗ ಆ ಟೈ ಕಟ್ಟಿದ ಹುಡುಗನ ಬಾಯಲ್ಲಿತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಚಲುವರಾಜು ಬಂದ. ಬೈಕಿನ ಧೂಳು ಮುಖಕ್ಕೆಲ್ಲ ಮೆತ್ತಿತ್ತು. ಆದರೂ ಒಗೆದ ಅಂಗಿ, ಹೆಗಲ ಮೇಲೆ ಹೊಸ ಟವಲ್ಲು. ಇಪ್ಪತ್ತೈದು ಮೈಲಿ ದಾರಿಯಲ್ಲಿ ಕೇಳಬೇಕಾದ ಮಾತನ್ನು ಅವನು ಮತ್ತೆ ಮತ್ತೆ ಹೇಳಿಕೊಂಡು ಬಂದಿದ್ದನೆಂದು ಅವನ ತುಟಿ ನೋಡಿದರೇ ತಿಳಿಯುತ್ತಿತ್ತು. ಅಷ್ಟರಲ್ಲಿ ಹೇಮಂತ್ ಒಳಗಿನಿಂದ ಬಂದ. ಬಾಗಿಲಲ್ಲಿ ನಿಂತಿದ್ದ ಚಲುವರಾಜುವನ್ನು ಕಂಡು ಮುಖವರಳಿಸಿ, ಕೈ ಚಾಚಿದ.

“ಬನ್ನಿ ಅಣ್ಣ, ವೆಲ್ಕಮ್! ಫಸ್ಟ್ ಟೈಮ್ ಬರ್ತಿರೋದಾ? ಅಕ್ಕ ಎಲ್ಲಿ? ಜೋಡೀಲೇ ಬರ್ಬೇಕು ಅಂತ ಫೋನಲ್ಲಿ ಹೇಳಿದ್ರಲ್ವಾ?”

ಚಲುವರಾಜು ಆ ಕೈಯನ್ನೇ ನೋಡಿದ. “ನಾನ್ಯಾರು ಗೊತ್ತಾಗ್ನಿಲ್ವೇನಪ್ಪ?” ಎಂದ.

“ದಿನಾ ಎಷ್ಟೋ ಜನ ಬರ್ತಾರಲ್ಲ ಅಣ್ಣ” ಎಂದು ಹೇಮಂತ್ ನಕ್ಕ. ಕೈ ಇನ್ನೂ ಚಾಚಿಯೇ ಇತ್ತು.

ಚಲುವರಾಜು ಅವನನ್ನು ದಾಟಿಕೊಂಡು ಕೌಂಟರಿಗೆ ನಡೆದ. “ಎಲ್ಲಿಗಾಕ್ಬೇಕಮ್ಮಿ ಸೈನು?” ಎಂದು ಶ್ವೇತಳನ್ನು ಕೇಳಿದ. ಅವಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ, ಪಕ್ಕದಲ್ಲಿ ಕುಸುಮ ಹಾಕಿದಳು. ಶ್ವೇತ ಮೊಹರು ಒತ್ತಿ, ತಿಂಗಳೊಳಗೆ ಹಣ ಖಾತೆಗೆ ಬರುತ್ತದೆಂದು ಬರೆದುಕೊಟ್ಟು, “ಹಡಗಿನ ವೋಚರ್ ವಾಪಸ್ ಕೊಡಿ ಮೇಡಂ” ಎಂದಳು. ಕುಸುಮ ಚೀಲದಿಂದ ಆ ನೀಲಿ ಚೀಟಿ ತೆಗೆದು ಕೌಂಟರಿನ ಮೇಲಿಟ್ಟಳು.

ಗೆದ್ದೆ ಎಂದು ಅವಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹೊರಗೆ ಬಂದು ಬೈಕಿನ ಹತ್ತಿರ ನಿಂತಾಗ ಎದೆಯಲ್ಲಿ ಉರಿಯೇ ತುಂಬಿತ್ತು.

ಚಲುವರಾಜು ಟವಲ್ಲಿನಿಂದ ಮುಖ ಒರೆಸಿಕೊಂಡ. ಅವನ ದನಿ ಬಿದ್ದುಹೋಗಿತ್ತು. “ಅತ್ತು ದಿನ ಅವ್ನಿಗೆ ಕೊಟ್ಟ ಮಾತು ಉಳಿಸ್ಬೇಕು ಅಂತ ನಿದ್ದೆಗೆಟ್ಟೆ ಕಣಮ್ಮಿ. ಅವ್ನಿಗೆ ನನ್ ಮಕದ ಗುರ್ತೇ ಇಲ್ಲ.”

“ಆ ಅತ್ತು ದಿನವೂ ನಿಮ್ ಮುಂದೇನೇ ಕುಂತು ಬಡ್ಕೊಂಡ್ನಲ್ಲ,” ಎಂದಳು ಕುಸುಮ, “ನನ್ ಮಕದ ಗುರ್ತಿತ್ತಾ ನಿಮ್ಗೆ?”

ಬೈಕಿಗೆ ಕೀಲಿ ಹಾಕಿದ್ದ ಚಲುವರಾಜು ಅದನ್ನು ತಿರುಗಿಸದೆ ಅವಳ ಮುಖ ನೋಡಿದ.