ಮಗು ಸಣ್ಣದಾಗಲಿ ಎಂದು

ವಾಂತಿ ನಿಲ್ಲಲಿಲ್ಲವೆಂದು ಚೈತ್ರಶ್ರೀ ಐದನೇ ತಿಂಗಳಿಗೇ ತವರಿಗೆ ಬಂದಳು. ಚೊಚ್ಚಲ ಬಸುರಿ. ಜಗಳೂರಿನ ಪಕ್ಕದ ನಮ್ಮ ಹಳ್ಳಿಗೆ ನಾನೇ ಆಶಾ ಕಾರ್ಯಕರ್ತೆ, ಹೆಸರು ವಾಣಿಶ್ರೀ. ಬಾಯಿ ಜೋರು ಅಂತಾರೆ, ಸುಳ್ಳೇನಲ್ಲ. ನಾನು ಹೋದರೆ ಅತ್ತೆಯಂದಿರೂ ಎದ್ದು ನಿಲ್ಲುತ್ತಾರೆ. ಈ ಹುಡುಗಿಗೆ ಮಾತ್ರ ನನ್ನ ಹೆದರಿಕೆ ಇರಲಿಲ್ಲ, ಹೆರಿಗೆಯದೇ ಹೆದರಿಕೆ. ಹೋದಾಗಲೆಲ್ಲ ಒಂದೇ ರಾಗ.

"ವಾಣಕ್ಕ, ಡಾಕ್ಟರಿಗೆ ಹೇಳಿ ಆಪರೇಷನ್ ಮಾಡ್ಸಿಬಿಡ್ರಿ. ನೋವು ತಿನ್ನಾಕೆ ನನ್ ಕೈಲಿ ಆಗಲ್ಲ."

"ಹೊಟ್ಟೆ ಕೊಯ್ಯೋದು ಅಂದ್ರೆ ಕುಂಬಳಕಾಯಿ ಹೆಚ್ಚಿದಂಗೆ ಅನ್ಕಂಡಿಯೇನೆ?" ಎಂದು ರೇಗುತ್ತಿದ್ದೆ.

ಹೊನ್ನಾಳಿಯಲ್ಲಿದ್ದ ಅವಳ ಅತ್ತೆಯದು ಫೋನಿನಲ್ಲಿ ಬೇರೆ ಹಟ, ನಾರ್ಮಲ್ಲೇ ಆಗಬೇಕು. ಸೀಮಂತದ ದಿನ ಬಳೆ ತೊಡಿಸಲು ಬಂದವರು ತಂತಮ್ಮ ಹೆರಿಗೆಯ ಕಥೆ ಬಿಚ್ಚಿದರು. ಯಾರಿಗೆ ಎಷ್ಟು ಹೊಲಿಗೆ ಬಿತ್ತು, ಯಾರು ಎರಡು ದಿನ ಕೂಗಿದರು, ಎಲ್ಲ. "ಹೆರಿಗೆ ಅಂದ್ರೆ ಹೆಣ್ಣಿಗೆ ಮರುಹುಟ್ಟು ಕಣವ್ವ" ಎಂದು ಮುಗಿಸಿ, ಹೋಳಿಗೆ ಉಂಡು ಹೋದರು. ಚೈತ್ರಶ್ರೀ ಮಾತ್ರ ತನ್ನ ಹೋಳಿಗೆ ಮುಟ್ಟದೆ ಕೈಯ ಹಸಿರು ಬಳೆ ತಿರುಗಿಸುತ್ತ ಕೂತಿದ್ದಳು. ಅವರ ಬಾಯಿಗೆಲ್ಲ ಬೀಗ ಹಾಕಬೇಕೆನಿಸಿತು.

ಎಂಟನೇ ತಿಂಗಳಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಹಿಮೋಗ್ಲೋಬಿನ್ ಹನ್ನೊಂದು ಇರಬೇಕಾದಲ್ಲಿ ಆರೂವರೆ! ಹೊಟ್ಟೆಯೂ ತಿಂಗಳಿಗೆ ತಕ್ಕಂತೆ ಬೆಳೆದಿರಲಿಲ್ಲ. "ಇಷ್ಟು ರಕ್ತದಲ್ಲಿ ನಾರ್ಮಲ್ ಆದ್ರೂ ಅಪಾಯ, ಆಪರೇಷನ್ ಆದ್ರೂ ಅಪಾಯ" ಎಂದರು ಡಾಕ್ಟರ್. ತಿಂಗಳು ತಿಂಗಳೂ ರಕ್ತದ ಮಾತ್ರೆಯನ್ನು ನಾನೇ ಕೈಯಾರೆ ಕೊಟ್ಟಿದ್ದೆ. ನುಂಗಿದೆಯಾ ಎಂದರೆ ಗೋಣು ಹಾಕುತ್ತಿದ್ದಳು.

ಅವಳ ಮನೆಗೆ ಬಂದು ಹುಡುಕಿದೆ. ಟ್ರಂಕಿನ ಹಿಂದೆ ಮಾತ್ರೆಯ ಪಟ್ಟಿಗಳು, ಒಂದೂ ಒಡೆದಿಲ್ಲ. ನಾನು ಕೂಗಾಡುವ ಮೊದಲೇ ಅವಳ ತಾಯಿ ಕೆಂಪಕ್ಕ ಅಡ್ಡ ಬಂದಳು.

"ಅವಳನ್ನ ಬೈಬ್ಯಾಡ ವಾಣಿ. ನಾನೇ ಬ್ಯಾಡ ಅಂದಿದ್ದು. ಮಾತ್ರೆ ನುಂಗಿದ್ರೆ ಕೂಸು ದಪ್ಪ ಆಗ್ತೈತೆ. ಮುದ್ದೆನೂ ಅರ್ಧನೇ ಇಕ್ತಿದ್ದೆ. ಸಣ್ಣ ಕೂಸಾದ್ರೆ ಸಲೀಸಾಗಿ ಬರ್ತೈತೆ ಅಂತ."

"ನಿಂಗೇನು ಬುದ್ಧಿ ಐತೇನೆ ಕೆಂಪಕ್ಕ?"

"ನನ್ ಮೊದಲನೇ ಕೂಸು ಗಂಡು, ದಪ್ಪ ಇತ್ತು. ಸಿಕ್ಕಂಡು ಒಳಗೇ ಹೋತು."

ತನಗೊಬ್ಬ ಅಣ್ಣನಿದ್ದನೆಂದು ಚೈತ್ರಶ್ರೀಗೆ ತಿಳಿದದ್ದೇ ಆಗ. ಅವಳು ಗೋಡೆ ಹಿಡಿದು ಕೂತಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ಹೆಂಗಸನ್ನು ಏನೆಂದು ಬೈಯಲಿ?

ದಾವಣಗೆರೆಗೆ ಕರೆದೊಯ್ದು ಎರಡು ಬಾಟಲಿ ರಕ್ತ ಕೊಡಿಸಿದೆವು. ಮಾತ್ರೆ, ಊಟ ಎಲ್ಲ ಶುರುವಾಯಿತು. ಆದರೆ ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಆಸ್ಪತ್ರೆ ಸೇರಿದ ಐದೇ ತಾಸಿನಲ್ಲಿ ಹೆರಿಗೆ. ಆಪರೇಷನ್ ಬೇಕಾಗಲಿಲ್ಲ, ಒಂದು ಹೊಲಿಗೆಯೂ ಬೀಳಲಿಲ್ಲ. ಹೆಣ್ಣು ಮಗು, ತೂಕ ಒಂದು ಕೆಜಿ ಆರುನೂರು ಗ್ರಾಂ.

ಅವ್ವ ಮಗಳು ಬಯಸಿದಷ್ಟೇ ಸಲೀಸಾಗಿ ಬಂದ ಆ ಮಗುವನ್ನು ತಾಯಿಯ ಮಗ್ಗುಲಿಗೆ ಹಾಕಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕೆಂಪಕ್ಕ ಬಾಗಿಲಲ್ಲೇ ಕೂತಳು. ಒಳಗೆ ಬರಲು ಅವಳಿಗೆ ಧೈರ್ಯ ಸಾಲಲಿಲ್ಲ.

ಮರುದಿನ ಚೈತ್ರಶ್ರೀಯನ್ನು ಮೆಲ್ಲಗೆ ನಡೆಸಿಕೊಂಡು ಮಗುವಿನ ಹತ್ತಿರ ಹೋದೆ. ಹೆಬ್ಬೆರಳಿನಷ್ಟಿದ್ದ ಪಾದ ನೋಡಿ ಅವಳು ನನ್ನ ಕೈ ಬಿಗಿಯಾಗಿ ಹಿಡಿದಳು.

"ಹೆರಿಗೆ ನೋವು ಏನೂ ಅಲ್ಲ ಕಣಕ್ಕ. ಸುಮ್ನೆ ಅದಕ್ಕೆ ಹೆದರಿ ಹೆದರಿ ಸತ್ತೆ" ಎಂದಳು. "ಇದು ಉಳಿತೈತಾ, ಹೇಳ್ರಿ."

"ಗೊತ್ತಿಲ್ಲವ್ವ" ಎಂದೆ.