ಅಕ್ಕನ ಹಾಡಿಗೆ ಹೊಂದದ ಲೈಬ್ರರಿ

ನಾನು ಮಕ್ಕಳ ಡಾಕ್ಟರು. ದಿನವಿಡೀ ವಾಂತಿ, ಗೊಣ್ಣೆ, ಹೇನು, ಕೀವು ನೋಡುವವಳಿಗೆ ಹೇಸಿಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಆದರೆ ಅಕ್ಕನ ಹಾಡು ರೆಕಾರ್ಡ್ ಮಾಡಲು ಹೊರಟ ಆ ಚಳಿಗಾಲದಲ್ಲಿ ಒಂದು ಲ್ಯಾಪ್‌ಟಾಪಿನ ಪರದೆ ನೋಡಿದರೆ ಸಾಕು, ನನಗೆ ವಾಕರಿಕೆ ಬರುತ್ತಿತ್ತು.

ಅಕ್ಕ ಇರುವುದು ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ. ನಾನು ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಾಣಿಸಿಕೊಂಡು, ಆಪರೇಷನ್ ಆಗಲೇಬೇಕು ಎಂದು ತೀರ್ಮಾನವಾದ ದಿನ ಫೋನ್ ಮಾಡಿದಳು.

"ಗಂಟು ಕೆಟ್ಟದ್ದಲ್ಲಂತ. ಆದ್ರ ದನಿ ಬದಲಾದ್ರೂ ಆಗಬಹುದು ಅಂದ್ರು. ಖರೇನ?"

ತಂಗಿಯಾಗಿ ಇಲ್ಲ ಎನ್ನಬಹುದಿತ್ತು. ಡಾಕ್ಟರಾಗಿ ಆಗಲಿಲ್ಲ. ದನಿಯನ್ನು ಆಡಿಸುವ ನರ ಆ ಗ್ರಂಥಿಯ ಬೆನ್ನಿಗೇ ಅಂಟಿಕೊಂಡು ಹೋಗುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮೇಲಿನ ಸ್ವರಗಳು ಹೋಗುತ್ತವೆ. ಹಾಗೆಯೇ ಹೇಳಿದೆ.

"ಹಂಗಾರ ಅದಕ್ಕೂ ಮೊದಲ ಒಂದಿಷ್ಟು ಹಾಡಿ ಇಟ್ಟುಬಿಡೂಣು. ನೀ ಪೆಟಿಗಿ ನುಡಸು," ಎಂದಳು.

ಪೆಟಿಗಿ ಎಂದರೆ ಹಾರ್ಮೋನಿಯಂ. ಬಾಗಲಕೋಟೆಯಲ್ಲಿ ನಾವಿಬ್ಬರೂ ಒಬ್ಬರೇ ಗುರುಗಳ ಹತ್ತಿರ ಕಲಿತವರು. ಗಂಟಲು ದೊಡ್ಡವಳದು, ಬೆರಳು ಸಣ್ಣವಳದು ಎಂದು ಅವರು ಆಗಲೇ ನಮ್ಮನ್ನು ಬೇರೆ ಬೇರೆ ಕೂರಿಸಿದ್ದರು. ಅಮೆರಿಕಕ್ಕೆ ಬಂದ ಮೇಲೂ ಅದು ಬದಲಾಗಲಿಲ್ಲ. ಯಾರ ಮನೆಯ ಪೂಜೆಯಾದರೂ ಅವಳ ವಚನ, ನನ್ನ ಪೆಟಿಗಿ.

"ಫೋನಿನಾಗ ರೆಕಾರ್ಡ್ ಮಾಡಿದ್ರ ಆತು," ಎಂದೆ.

ಅವಳ ಫೋನು ಸ್ಪೀಕರಿನಲ್ಲಿತ್ತೆಂದು ಕಾಣುತ್ತದೆ. ಹಿಂದಿನಿಂದ ಭಾವನ ದನಿ ಕೇಳಿತು. "ಫೋನಲ್ಲಾ? ಅಯ್ಯೋ, ಬೇಡಮ್ಮ. ಮಾಡೋದಾದ್ರೆ ಸರಿಯಾಗಿ ಮಾಡೋಣ. ಎಲ್ಲಾ ನಾನು ಸೆಟಪ್ ಮಾಡ್ತೀನಿ."

ಭಾವ ಮೈಸೂರಿನವರು. ಓಕ್ ಬ್ರೂಕಿನ ಒಂದು ಆಫೀಸಿನಲ್ಲಿ ಎಂಜಿನಿಯರ್. ಕುಡಿಯುವುದಿಲ್ಲ, ಬೈಯುವುದಿಲ್ಲ, ಅಕ್ಕನ ಅಡುಗೆಗೆ ಹೆಸರಿಟ್ಟವರಲ್ಲ. ಅವರಿಗಿರುವುದು ಒಂದೇ ವ್ರತ, ಲಿನಕ್ಸ್. ಯಾವ ಕಂಪನಿಗೂ ಸೇರದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರ್ ಬಿಟ್ಟು ಬೇರೆಯದು ಆ ಮನೆಯ ಹೊಸಿಲು ದಾಟುವಂತಿಲ್ಲ. ಅದರಿಂದಾಗಿ ಅವರ ಪ್ರಿಂಟರ್ ಪ್ರಿಂಟ್ ಮಾಡುವುದಿಲ್ಲ, ಟೀವಿಯಲ್ಲಿ ಒಮ್ಮೆ ಚಿತ್ರ ಬಂದರೆ ಇನ್ನೊಮ್ಮೆ ಶಬ್ದ ಬರುತ್ತದೆ. ಹಿಂದಿನ ಥ್ಯಾಂಕ್ಸ್‌ಗಿವಿಂಗ್‌ಗೆ ನಮ್ಮ ಮನೆಗೆ ಬಂದಾಗ ನನ್ನ ಹಳೆಯ ಲ್ಯಾಪ್‌ಟಾಪನ್ನೂ ಪೂರ್ತಿ ಅಳಿಸಿ ಲಿನಕ್ಸ್ ಹಾಕಿ, "ಈಗ ಇದು ನಿಜವಾಗ್ಲೂ ನಿನ್ನ ಮೆಷಿನ್," ಎಂದು ಹೋಗಿದ್ದರು.

ಅವರ ಯೋಜನೆ ಹೀಗಿತ್ತು. ನಾನು ಮನೆಯಲ್ಲೇ ಕೂತು ಪೆಟಿಗಿ ನುಡಿಸಿ ರೆಕಾರ್ಡ್ ಮಾಡಿ ಕಳಿಸಬೇಕು. ಅದನ್ನು ಕಿವಿಗೆ ಹಾಕಿಕೊಂಡು ಅಕ್ಕ ಹಾಡಬೇಕು. ಎರಡನ್ನೂ ಭಾವ ಜೋಡಿಸುತ್ತಾರೆ. ಅದಕ್ಕೊಂದು ಮ್ಯೂಸಿಕ್ ಸಾಫ್ಟ್‌ವೇರ್ ಹೇಳಿದರು. ಇಬ್ಬರ ಹತ್ತಿರವೂ ಒಂದೇ ವರ್ಷನ್ ಇರಬೇಕು ಎಂದೂ ಹೇಳಿದರು.

ಒಂದು ಶನಿವಾರ ಬೆಳಿಗ್ಗೆ ಚಹಾ ಹಿಡಿದು ಕೂತೆ. ಇನ್‌ಸ್ಟಾಲ್ ಮಾಡು ಎಂದರೆ ಲ್ಯಾಪ್‌ಟಾಪ್ ಮಾಡಲಿಲ್ಲ. ಆ ಸಾಫ್ಟ್‌ವೇರಿಗೆ ಒಂದು ಲೈಬ್ರರಿಯ ಹೊಸ ವರ್ಷನ್ ಬೇಕಂತೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಹತ್ತಾರು ಸಾಫ್ಟ್‌ವೇರ್‌ಗಳು ಸೇರಿ ಬಳಸಿಕೊಳ್ಳುವ ಸಿದ್ಧ ತುಣುಕು. ನನ್ನಲ್ಲಿದ್ದದ್ದು ಹಳೆಯದು. ಹೊಸದು ಹಾಕೋಣವೆಂದರೆ, ಸ್ಪೀಕರಿಗೆ ಶಬ್ದ ಕಳಿಸುವ ಇನ್ನೊಂದು ಸಾಫ್ಟ್‌ವೇರ್ ಹಳೆಯದನ್ನೇ ಹಿಡಿದುಕೊಂಡಿತ್ತು. ಅದನ್ನು ತೆಗೆದರೆ ಶಬ್ದವಿಲ್ಲ, ತೆಗೆಯದಿದ್ದರೆ ಹಾಡಿಲ್ಲ. ಭಾವನಿಗೆ ಫೋನ್ ಮಾಡಿದರೆ, "ಡಿಪೆಂಡೆನ್ಸಿ ಪ್ರಾಬ್ಲಮ್ಮು, ಕಾಮನ್," ಎಂದು ಟೈಪ್ ಮಾಡಬೇಕಾದ ಸಾಲುಗಳನ್ನು ಕಳಿಸಿದರು. ಒಂದೊಂದು ಸಾಲು ಟೈಪ್ ಮಾಡಿದಾಗಲೂ ತಪ್ಪೆಂದು ಹೇಳುವ ಕೆಂಪಕ್ಷರ ಪರದೆಯಲ್ಲಿ ಇನ್ನಷ್ಟು ಬೆಳೆಯಿತು.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ನನ್ನಂಥವರು ಕಷ್ಟ ಹೇಳಿಕೊಳ್ಳುವ ಜಾಗಗಳು ಬೇಕಾದಷ್ಟಿವೆ. ಒಬ್ಬ ಪ್ರಶ್ನೆ ಕೇಳಿದ್ದಾನೆ. ಅದಕ್ಕೆ ಇನ್ನೊಬ್ಬ, ನಿನಗೆ ಇದೆಲ್ಲ ಯಾಕೆ ಬೇಕು ಎಂದಿದ್ದಾನೆ. ಮತ್ತೊಬ್ಬ, ನನ್ನಲ್ಲಿ ಚೆನ್ನಾಗಿಯೇ ಓಡುತ್ತಿದೆ ಎಂದು ಬೀಗಿದ್ದಾನೆ. ಕೊನೆಗೆ ಒಂದು ಕಡೆ ಥೇಟ್ ನನ್ನದೇ ತೊಂದರೆ ಸಿಕ್ಕಿತು. ಉಸಿರು ಬಿಗಿಹಿಡಿದು ಕೆಳಗಿನ ತನಕ ಓದಿದೆ. ಕೇಳಿದವನೇ ಕೊನೆಯಲ್ಲಿ, "ಸರಿಹೋಯಿತು, ಥ್ಯಾಂಕ್ಸ್," ಎಂದು ಬರೆದು ಎದ್ದು ಹೋಗಿದ್ದ. ಹೇಗೆ ಸರಿಹೋಯಿತು ಎಂದು ಬರೆದಿರಲಿಲ್ಲ. ಮುಖ ನೋಡದ ಆ ಮನುಷ್ಯನ ಮೇಲೆ ನನಗೆ ಬಂದಂಥ ಅಸಹ್ಯ ಎದುರಿಗೆ ಕೆಮ್ಮಿ ಮುಖಕ್ಕೆ ಕಫ ಸಿಡಿಸಿದವರ ಮೇಲೂ ಬಂದದ್ದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಒಂದು ದಾರಿ ತೋರಿಸಿತು. ಇಂತಿಂಥವನ್ನು ತೆಗೆದುಹಾಕುತ್ತೇನೆ, ಒಪ್ಪಿಗೆಯೇ ಎಂದು ಕೇಳಿತು. ತೆಗೆಯುವವುಗಳ ಹೆಸರು ಪರದೆ ತುಂಬ ಇತ್ತು. ಒಂದೂ ಅರ್ಥವಾಗಲಿಲ್ಲ. ರೋಸಿಹೋಗಿತ್ತು, ಒಪ್ಪಿಗೆ ಎಂದೆ. ಅದು ಸಂಗೀತದ ಲೈಬ್ರರಿಯ ಜೊತೆಗೆ ಶಬ್ದವನ್ನೂ, ಪರದೆಯ ಮೇಲಿನ ಕಿಟಕಿಗಳನ್ನೂ, ಮೌಸಿನ ಬಾಣವನ್ನೂ ಕಿತ್ತುಕೊಂಡು ಹೋಯಿತು. ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ, ಅಷ್ಟೇ ಉಳಿಯಿತು.

ಮೆಟ್ಟಿಲಿಳಿದು ಬಂದ ಮಗಳು ಇಣುಕಿ ನೋಡಿದಳು. "ಅಮ್ಮಾ, ವೈ ಆರ್ ಯು ಡೂಯಿಂಗ್ ದಿಸ್? ಜಸ್ಟ್ ಯೂಸ್ ಯುವರ್ ಫೋನ್."

"ನಿಮ್ಮ ದೊಡ್ಡಪ್ಪಗ ಹೇಳು ಹೋಗು," ಎಂದು ಅವಳ ಮೇಲೆ ರೇಗಿದೆ.

ಆಪರೇಷನ್ನಿಗೆ ಹಿಂದಿನ ವಾರಾಂತ್ಯ, ಪೆಟಿಗಿಯನ್ನೂ ಸತ್ತ ಲ್ಯಾಪ್‌ಟಾಪನ್ನೂ ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ ಶಿಕಾಗೋ ಕಡೆ ಡ್ರೈವ್ ಮಾಡಿದೆ. ಶುಕ್ರವಾರ ರಾತ್ರಿ ಅಕ್ಕನ ಮನೆ ತಲುಪಿದರೆ ಡೈನಿಂಗ್ ಟೇಬಲ್ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ವಯರುಗಳು, ಹೊಸ ಮೈಕು, ಎರಡು ಕಂಪ್ಯೂಟರ್. ಅಕ್ಕ ಅಡುಗೆ ಮನೆಯಲ್ಲಿ ನಿಂತೇ ರೊಟ್ಟಿ ತಿನ್ನುತ್ತಿದ್ದಳು.

"ಇವ್ರು ಟೇಬಲ್ ಬಿಟ್ಟು ಕೊಟ್ಟು ಭಾಳ ದಿನ ಆತು," ಎಂದು ನಕ್ಕಳು. ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡಿದ್ದಳು. ನುಂಗುವಾಗ ಗಂಟು ಮೇಲೆ ಕೆಳಗೆ ಆಡುವುದು ಸ್ಕಾರ್ಫಿನ ಒಳಗಿಂದಲೂ ನನಗೆ ತಿಳಿಯುತ್ತಿತ್ತು.

ಭಾವ ನನ್ನ ಲ್ಯಾಪ್‌ಟಾಪ್ ತೆರೆದು ನೋಡಿ, ತಲೆಯಾಡಿಸಿ, "ಇದು ನಿನ್ನ ತಪ್ಪಲ್ಲ ಬಿಡು, ಇದನ್ನ ಪ್ಯಾಕೇಜ್ ಮಾಡಿ ಹಂಚಿದೋರ ತಪ್ಪು," ಎಂದು ಸಮಾಧಾನ ಹೇಳಿದರು. ಇರಲಿ, ನಾವಿಬ್ಬರೂ ಅವರ ಕಂಪ್ಯೂಟರಿನಲ್ಲೇ ಒಟ್ಟಿಗೆ ಹಾಡಿ ನುಡಿಸಿದರಾಯಿತು ಎಂದರು. ಆದರೆ ಆ ವಾರವಷ್ಟೇ ಅವರು ಎಲ್ಲವನ್ನೂ ಅಪ್‌ಡೇಟ್ ಮಾಡಿದ್ದರು. ಸಾಫ್ಟ್‌ವೇರ್ ತೆರೆಯಿತು, ಮೈಕು ಕೇಳಿಸಲಿಲ್ಲ. ಮೈಕಿನ ಲೈಬ್ರರಿಯನ್ನು ಹಳೆಯದಕ್ಕೆ ಇಳಿಸಿದರು, ಸಾಫ್ಟ್‌ವೇರ್ ತೆರೆಯಲಿಲ್ಲ. ಎರಡನ್ನೂ ಹೊಂದಿಸಿದಾಗ ದನಿ ಬಂತು, ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ ಅನ್ನುತ್ತ.

ಶನಿವಾರ ಊಟವಾದ ಮೇಲೆ ಅಕ್ಕ ಮೈಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಒಂದ್ಸಲ ಸಾ ಹೇಳು," ಎನ್ನುವರು ಭಾವ. ಅವಳು ಹಿಡಿಯುವಳು. ಅವರು ಪರದೆ ನೋಡಿ ಏನೋ ಟೈಪ್ ಮಾಡುವರು. "ಇನ್ನೊಂದ್ಸಲ. ಸ್ವಲ್ಪ ಜೋರಾಗಿ." ಮತ್ತೆ ಹಿಡಿಯುವಳು. ಕಿಟಕಿಯ ಹೊರಗೆ ಬಿಸಿಲು ಹಿಮದ ಮೇಲಿಂದ ಸರಿದು ಹೋಗುತ್ತಿತ್ತು. ಒಂದು ವಚನದ ಮೊದಲ ಸಾಲೂ ಇನ್ನೂ ಆಗಿರಲಿಲ್ಲ. ಹಾಡಲಿಕ್ಕೆಂದು ಉಳಿಸಿಕೊಂಡ ಗಂಟಲನ್ನು ಪರೀಕ್ಷೆಗೇ ಸವೆಸುತ್ತಿದ್ದರು. ಅವಳು ಮತ್ತೆ ಮತ್ತೆ ಎಂಜಲು ನುಂಗುವುದು ನೋಡಿ ನನ್ನ ಮೈ ಉರಿಯಿತು.

"ಭಾವಾ, ಸಾಕು ಮಾಡ್ರಿ. ಆಕಿ ದಣದಾಳ."

"ಇನ್ನೊಂದೇ ಲೈಬ್ರರಿ ಇದೆ ಕಣಮ್ಮ. ಅದೊಂದು ಬಿಲ್ಡ್ ಆಗಿ ಸೇರ್ಕೊಂಡ್ರೆ..."

"ಮುಂಜಾನಿಂದ ಅದನ್ನ ಹೇಳಾಕತ್ತೀರಿ. ನಿಮಗ ಆಕಿ ಹಾಡು ಬೇಕೋ, ಇದು ಓಡೂದು ಬೇಕೋ?"

ಭಾವ ಕನ್ನಡಕ ತೆಗೆದರು. "ಫೋನಲ್ಲಿ ಮಾಡಿದ್ರೆ ಅದು ದನಿ ಹಿಂಡಿಬಿಡುತ್ತೆ. ಆಮೇಲೆ ಇನ್ನೊಂದ್ಸಲ ಹಾಡಿಸೋಕೆ..." ಎಂದವರು ಮಾತು ಮುಗಿಸಲಿಲ್ಲ.

ಆ ಮನುಷ್ಯ ಹೆದರಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗ. ಆಪರೇಷನ್ ಅವರ ಕೈಯಲ್ಲಿರಲಿಲ್ಲ. ಲೈಬ್ರರಿ ಇತ್ತು. ಅಷ್ಟು ಅರ್ಥವಾದರೂ ನನ್ನ ಜಿಗುಪ್ಸೆ ಕರಗಲಿಲ್ಲ ಎಂಬುದನ್ನು ಹೇಳಲೇಬೇಕು. ಹೆದರಿದವರ ಕೈ ಹಿಡಿಯಬಹುದು. ಹೆದರಿಕೆಯನ್ನು ಕೀಬೋರ್ಡಿನಲ್ಲಿ ಕುಟ್ಟುತ್ತ, ಹಾಡಬೇಕಾದವಳನ್ನು ಕಾಯಿಸಿ ಕೂರಿಸುವವರನ್ನು ಏನು ಮಾಡುವುದು?

ಅಕ್ಕ ಎದ್ದಳು. ಸಿಟ್ಟೇನೂ ಕಾಣಲಿಲ್ಲ. "ನೀವು ಮಾಡ್ಕೋತ ಇರ್ರಿ," ಎಂದು ಗಂಡನಿಗೆ ಹೇಳಿ, ನನ್ನ ಕಡೆ ತಿರುಗಿ, "ಪೆಟಿಗಿ ತಗೊಂಡು ಮ್ಯಾಲ ಬಾ," ಎಂದಳು.

ಮೇಲಿನ ಬೆಡ್‌ರೂಮಿನ ಕ್ಲಾಸೆಟ್ಟಿನಲ್ಲಿ ಇಬ್ಬರು ಕೂರುವಷ್ಟು ಜಾಗವಿದೆ. ಮೂರು ಕಡೆ ತೂಗುಬಿಟ್ಟ ಕೋಟುಗಳು, ಸೀರೆಗಳು. ಬಾಗಿಲು ಎಳೆದುಕೊಂಡರೆ ಹೊರಗಿನ ಸದ್ದು ಅಡಗುತ್ತದೆ. ಒಂದು ಸೂಟ್‌ಕೇಸಿನ ಮೇಲೆ ನನ್ನ ಫೋನನ್ನು ಒರಗಿಸಿ ಗುಂಡಿ ಒತ್ತಿದೆ. ಮೊದಲು ವಚನ ಹಾಡಿದಳು, ಆಮೇಲೆ ಅಮ್ಮ ಹೇಳುತ್ತಿದ್ದ ಬೀಸುವ ಪದ. ಮೇಲಿನ ಸ್ವರಕ್ಕೆ ಏರಿದಾಗ ಕಣ್ಣು ಮುಚ್ಚಿ ಅಲ್ಲೇ ನಿಂತಳು, ಇಳಿಯಲು ಮನಸ್ಸಿಲ್ಲದವಳ ಹಾಗೆ. ನಾನು ತಿದಿ ಒತ್ತುತ್ತ ಅವಳಿಗಾಗಿ ಸ್ವರ ಹಿಡಿದುಕೊಂಡೇ ಇದ್ದೆ. ಆ ಹೊತ್ತಿನಲ್ಲಿ ಮಾತ್ರ ನನಗೆ ಯಾವುದರ ಮೇಲೂ ಬೇಸರವಿರಲಿಲ್ಲ.

ಹಾಡುವಾಗ ಚಳಿಯಾಗುತ್ತಿತ್ತು. ಹೊರಗೆ ಬಂದ ಮೇಲೆ ಗೊತ್ತಾಯಿತು, ಮನೆ ಬೆಚ್ಚಗಿಡುವ ಫರ್ನೇಸಿನ ಗಾಳಿಯ ಸದ್ದು ರೆಕಾರ್ಡಿಂಗಿನಲ್ಲಿ ಬರದಿರಲೆಂದು ಭಾವ ಕೆಳಗೆ ಅದನ್ನು ಆರಿಸಿದ್ದರು. ಜಾಕೆಟ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

"ಕೇಳಿಸು," ಎಂದರು. ಕೇಳಿಸಿದೆ. ಅವರ ಕಣ್ಣುಗಳು ಒದ್ದೆಯಾಗಿದ್ದವು. ಒಳ್ಳೆಯ ಮಾತೊಂದು ಬರುತ್ತದೆ ಎಂದು ಕಾದೆ. "ಲೋ ಎಂಡಲ್ಲಿ ಗುಂಯ್ ಅನ್ನೋ ಹಮ್ ಇದೆ," ಎಂದರು. "ತೆಗೀಬಹುದು."

ಥೂ, ಎಂದೆ. ಗಟ್ಟಿಯಾಗಿಯೇ ಎಂದೆ.

ಆಪರೇಷನ್ ಚೆನ್ನಾಗಿ ಆಯಿತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಲವು ತಿಂಗಳು ದನಿ ಒಡಕು ಒಡಕಾಗಿತ್ತು, ಆಮೇಲೆ ಕೂಡಿಕೊಂಡಿತು. ಆದರೆ ಮೇಲಿನ ಸ್ವರಗಳು ಮೊದಲಿನಂತೆ ಬರಲಿಲ್ಲ. ಈಗ ಅಕ್ಕ ಶ್ರುತಿ ಇಳಿಸಿ ಹಾಡುತ್ತಾಳೆ, ನಾನೂ ಇಳಿಸಿ ನುಡಿಸುತ್ತೇನೆ. ಕೇಳುವವರಿಗೆ ತಿಳಿಯುವುದಿಲ್ಲ.

ಬೇಸಿಗೆಯಲ್ಲಿ ಭಾವ ಲೈಬ್ರರಿಗಳ ಆ ಜಗಳ ಬಿಡಿಸಿದರು. ಮ್ಯೂಸಿಕ್ ಸಾಫ್ಟ್‌ವೇರನ್ನೂ ಅದು ಕೇಳುವ ಎಲ್ಲ ಲೈಬ್ರರಿಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರೆ, ಉಳಿದವುಗಳ ಹಳೆಯದಕ್ಕೂ ಇದರ ಹೊಸದಕ್ಕೂ ತಾಕಾಟವೇ ಇಲ್ಲವಂತೆ. ಅಂಥ ಡಬ್ಬಿ ಸಿದ್ಧವಾಗಿಯೇ ಸಿಗುತ್ತಿತ್ತಂತೆ, ಮೊದಲಿನಿಂದಲೂ. ಅದು ಅಪ್ಪಟ ವಿಧಾನವಲ್ಲ, ಎಲ್ಲವನ್ನೂ ಎರಡೆರಡು ಸಲ ತುಂಬಿಸುವ ದಂಡದ ಕೆಲಸ ಎಂದು ಅವರು ಮುಟ್ಟಿರಲಿಲ್ಲ. ಇದನ್ನು ಫೋನಿನಲ್ಲಿ ಬಹಳ ಸಹಜವಾಗಿ ಹೇಳಿದರು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ಕಿಟಕಿಯ ಹೊರಗೆ ನೋಡುತ್ತ ನಿಂತೆ.

ಮರುದಿನ ಕ್ಲಾಸೆಟ್ಟಿನ ಹಾಡುಗಳನ್ನು ಅದರಲ್ಲಿ ತೊಳೆದು ಕಳಿಸಿದರು. ಹಮ್ ಹೋಗಿತ್ತು. ಕೋಟುಗಳ ನಡುವಿನ ಆ ಮೆತ್ತನೆಯ ಮೌನವೂ ಹೋಗಿತ್ತು. ಸಾಲು ಸಾಲಿನ ನಡುವೆ ಅಕ್ಕ ಎಳೆದುಕೊಳ್ಳುತ್ತಿದ್ದ ಉಸಿರನ್ನೂ ಸದ್ದೆಂದು ತಿಳಿದು ಆ ಸಾಫ್ಟ್‌ವೇರ್ ಅಳಿಸಿಬಿಟ್ಟಿತ್ತು. ಉಸಿರಾಡದೆ ಹಾಡುವ ಹೆಂಗಸು ಯಾರೋ, ನನ್ನ ಅಕ್ಕ ಅಲ್ಲ.

ಫೋನ್ ಮಾಡಿ ಅದನ್ನೇ ಹೇಳಿದೆ.

"ಹೌದಾ? ಸೆಟ್ಟಿಂಗ್ ಸ್ವಲ್ಪ ಜಾಸ್ತಿ ಆಗಿರ್ಬೇಕು. ಹೊಸ ವರ್ಷನ್ ಬಂದಿದೆ, ಅದ್ರಲ್ಲಿ ಟ್ರೈ ಮಾಡ್ತೀನಿ," ಎಂದರು ಭಾವ.

ನಾನು ಉತ್ತರ ಕೊಡುವಷ್ಟರಲ್ಲಿ ಅಕ್ಕ ಅವರ ಕೈಯಿಂದ ಫೋನು ತೆಗೆದುಕೊಂಡಿದ್ದಳು. "ನಿನ್ನ ಫೋನಿನಾಗ ಇದ್ದದ್ದು ಹಂಗ ಐತಿಲ್ಲ? ಅದನ್ನ ಇನ್ನೊಂದ ಸಲ ಕಳಸು ನನಗ," ಎಂದಳು. "ಇವ್ರಿಗೆ ಬ್ಯಾಡ."