ವಿಳಾಸ ತಿಳಿದಿಲ್ಲ

ಕೋರ್ಟಿನ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಕಂಪ್ಯೂಟರು, ಆಗಾಗ ಕಾಗದ ಕಚ್ಚಿಕೊಂಡು ಹಟ ಹಿಡಿಯುವ ಒಂದು ಪ್ರಿಂಟರು. ಟೈಪಕ್ಕನ ಸಾಮ್ರಾಜ್ಯ ಇಷ್ಟೇ. ಹತ್ತೊಂಬತ್ತು ವರ್ಷಗಳಿಂದ ಊರಿನ ಜಗಳವೆಲ್ಲ ಅವಳ ಬೆರಳಿನಡಿಯಲ್ಲೇ ಹಾದುಹೋಗಿದೆ: ಅಣ್ಣತಮ್ಮಂದಿರ ಗೋಡೆ ತಕರಾರು, ಬಾಡಿಗೆದಾರರ ಮೊಂಡಾಟ, ಗಂಡಹೆಂಡಿರ ಮುಗಿಯದ ಗೋಳು. ಅವಳದೊಂದು ನೇಮವಿತ್ತು. ಓದು ಬಾರದವರು ಬಂದರೆ ಹೆಬ್ಬೆಟ್ಟು ಒತ್ತಿಸುವ ಮೊದಲು ಪೂರ್ತಿ ಓದಿ ಹೇಳುವಳು. ವಕೀಲರು ಗಡಿಯಾರ ನೋಡಿಕೊಂಡು ಚಡಪಡಿಸಲಿ, ಒಂದು ಸಾಲನ್ನೂ ನುಂಗುವವಳಲ್ಲ. "ನಾನು ಓದಿದ್ದೇ ಇದರಲ್ಲಿದೆ, ಇದರಲ್ಲಿರೋದನ್ನೇ ನಾನು ಓದಿದೀನಿ" ಎನ್ನುವಳು. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಪಾಪ, ಜಂಬಪಡಲು ಅವಳಿಗೆ ಬೇರೇನಿತ್ತು?

ಗಂಡ ಹೊರದೇಶಕ್ಕೆ ಹೋಗಿ ಒಂಬತ್ತು ವರ್ಷ. ಯಾವುದೋ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಮೂರು ವರ್ಷ "ಬರ್ತೀನಿ, ಬರ್ತೀನಿ" ಎಂದ. ಆಮೇಲೆ ಹಾಗೆನ್ನುವುದನ್ನೂ ಬಿಟ್ಟ. ಇತ್ತ ಅವಳು ಅವನ ತಾಯಿಯೊಂದಿಗೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅತ್ತೆಗೆ ಓದು ಬಾರದು. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಕಾಗದ ಉಳಿಯುತ್ತದೆ ಎಂದು ಆಕೆಯ ವಾದ. ತಿಂಗಳಿಗೊಂದು ಭಾನುವಾರ ಸೊಸೆಯನ್ನು ಕೂರಿಸಿಕೊಂಡು ಮಗನಿಗೆ ಕಾಗದ ಬರೆಸುವರು. ಲಕೋಟೆಯ ಮೇಲಿನ ವಿಳಾಸವನ್ನೂ ಗಟ್ಟಿಯಾಗಿ ಓದಿಸುವರು. ಕೊನೆಗೆ ಕಾಗದದ ಮೊದಲ ಸಾಲಿನಲ್ಲಿರುವ ಮಗನ ಹೆಸರಿನ ಮೇಲೆ ಬೆರಳಾಡಿಸುವರು. ಲೋಕದ ಅಕ್ಷರಗಳಲ್ಲಿ ಆಕೆಗೆ ಗುರುತು ಸಿಗುತ್ತಿದ್ದುದು ಆ ಮೂರೇ. ಮಗನ ಉತ್ತರ ಬರುವುದು ಅಪರೂಪ. ಆದರೆ ಕಳಿಸಿದ ಒಂದು ಕಾಗದವೂ ವಾಪಸು ಬಂದಿರಲಿಲ್ಲ.

ಇದು ಸಾಕು, ಬಿಡುಗಡೆ ಬೇಕು ಎಂದು ಟೈಪಕ್ಕನಿಗೆ ಅನಿಸಿದ್ದು ತಪ್ಪೆಂದು ನಾನು ಹೇಳಲಾರೆ. ತಪ್ಪಾದದ್ದು ಮುಂದೆ. ವಿಚ್ಛೇದನದ ಅರ್ಜಿ ಎಂದಾಗ ಪರಿಚಯದ ವಕೀಲರು ತಲೆ ಕೆರೆದುಕೊಂಡರು.

"ಹೊರದೇಶಕ್ಕೆ ನೋಟಿಸು ಅಂದ್ರೆ ಆ ಭಾಷೆಗೆ ತರ್ಜುಮೆ ಆಗ್ಬೇಕು, ಎರಡು ಸರ್ಕಾರದ ಕೈ ದಾಟ್ಬೇಕು. ಎರಡು ವರ್ಷ ನೀರಿಗೆ ಬಿದ್ದ ಹಾಗೇ. ವಿಳಾಸ ಗೊತ್ತಿಲ್ಲ ಅಂದ್ಬಿಡಿ, ನೋಟಿಸನ್ನ ಪೇಪರ್‌ನಲ್ಲಿ ಹಾಕ್ಸೋಣ. ಅವನೇನು ಅಲ್ಲಿ ನಮ್ಮೂರ ಪೇಪರ್ ಓದ್ತಾನಾ? ಆರು ತಿಂಗಳಲ್ಲಿ ಮುಗೀತು."

'ಎದುರುದಾರರ ಈಗಿನ ವಿಳಾಸ ತಿಳಿದಿಲ್ಲ' ಎಂಬ ಸಾಲು ಅವಳ ಕಂಪ್ಯೂಟರಿನ ಸಿದ್ಧ ನಮೂನೆಯಲ್ಲಿ ಮೊದಲೇ ಇತ್ತು. ಹೊಸದಾಗಿ ಟೈಪು ಮಾಡುವ ಕಷ್ಟವೂ ಇಲ್ಲ, ಅಳಿಸದೆ ಬಿಟ್ಟರಾಯಿತು. ಬಿಟ್ಟಳು. ಸಹಿಯನ್ನೂ ಹಾಕಿದಳು. ಆ ಭಾನುವಾರ ಅದೇ ಕೈಯಿಂದ ಲಕೋಟೆಯ ಮೇಲೆ ಗಂಡನ ವಿಳಾಸ ಬರೆದಳು. ಗಟ್ಟಿಯಾಗಿ ಓದುವಾಗ ಅರ್ಧಕ್ಕೇ ನಿಲ್ಲಿಸಿ ಕೆಮ್ಮಿದಳು.

"ಏನಾಯ್ತೇ?" ಎಂದರು ಅತ್ತೆ.

"ನೆಗಡಿ, ಅತ್ತೆ."

ಆಕೆ ಎದ್ದು ಬಿಸಿನೀರು ಕಾಯಿಸಿ ತಂದುಕೊಟ್ಟರು. ಗಂಡನ ವಿಷಯದಲ್ಲಿ ಟೈಪಕ್ಕನಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಆದರೆ ಆ ಲೋಟ ಹಿಡಿದು ಅತ್ತೆಯ ಮುಖ ನೋಡಲಾಗಲಿಲ್ಲ.

ಪ್ರಕಟಣೆ ಬಂದ ದಿನ ಪೇಪರಿನ ಎರಡು ಪ್ರತಿ ಕೊಂಡಳು. ಒಂದು ಕಡತಕ್ಕೆ ಹೋಯಿತು, ಇನ್ನೊಂದು ಚೀಲದಲ್ಲೇ ಮರೆತುಹೋಯಿತು. ಮರುದಿನ ಭಾನುವಾರ. ಅಡುಗೆಮನೆಯ ಕಪಾಟಿಗೆ ಹಾಸಲೆಂದು ಅತ್ತೆ ಅದನ್ನು ತೆಗೆದು ಬಿಡಿಸಿದರು. ಆಮೇಲೆ ಮನೆ ಹಾರಿಹೋಗುವಂಥ ಕೂಗು.

"ಬಾರೇ ಬೇಗ! ನನ್ನ ಮಗನ ಹೆಸರು ಪೇಪರ್‌ನಲ್ಲಿ ಬಂದಿದೆ! ಏನು ಬರ್ದಿದಾರೆ, ಓದು!"

ಟೈಪಕ್ಕ ಬಂದು ನೋಡಿದರೆ ತಾನೇ ಹಾಕಿಸಿದ ಪ್ರಕಟಣೆ. ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು. "ಅವರ ಕೆಲಸದ ಬಗ್ಗೆ, ಅತ್ತೆ. ಒಳ್ಳೇ ಕೆಲಸಗಾರ ಅಂತ ಹೊಗಳಿದಾರೆ."

ಹತ್ತೊಂಬತ್ತು ವರ್ಷದ ನೇಮ ಒಂದು ಉಸಿರಿನಲ್ಲಿ ಮಣ್ಣುಪಾಲಾಯಿತು. ಅತ್ತೆಯ ಮುಖ ಊರಗಲವಾಯಿತು. ಕತ್ತರಿ ತಂದು, ಅಂಚು ಕೆಡದಂತೆ ಆ ಚೌಕವನ್ನು ಕತ್ತರಿಸಿದರು.

"ಇವತ್ತಿನ ಕಾಗದದಲ್ಲಿ ಇದನ್ನೂ ಇಡು, ಅವನೂ ನೋಡ್ಲಿ. ಬರ್ಕೋ. ಮಗಾ, ನಿನ್ನ ಸುದ್ದಿ ಪೇಪರ್‌ನಲ್ಲಿ ಬಂದಿದೆ. ನಿನ್ನ ಹೆಂಡ್ತಿನೇ ನಂಗೆ ಓದಿ ಹೇಳಿದ್ಲು. ಅವಳು ಓದಿದ್ರೆ ಒಂದಕ್ಷರ ಆಚೀಚೆ ಆಗಲ್ಲ, ಇಡೀ ಕೋರ್ಟೇ ಹೇಳುತ್ತೆ."

ಪೆನ್ನು ನಿಂತಿತು. ಆ ಚೂರನ್ನು ಲಕೋಟೆಗೆ ಹಾಕಿದಂತೆ ಮಾಡಿ ಅಂಗೈಯಲ್ಲಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದೇ ವಾಯಿದೆ, ಬಿಡುಗಡೆ ಕೈಗೆ ಸಿಗುವುದರಲ್ಲಿತ್ತು. ಅವಳಿಂದ ಆಗಲಿಲ್ಲ.

"ಅತ್ತೆ, ನಾನು ಸುಳ್ಳು ಓದಿದೆ" ಎಂದಳು. ನಂತರ ಆ ಚೂರನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಮೆಟ್ಟಿಲ ಕೆಳಗೆ ಕೂತು ಓದುವ ಹಾಗೆಯೇ, ಒಂದು ಸಾಲನ್ನೂ ನುಂಗದೆ.

ಅತ್ತೆ ಕತ್ತರಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಬಿಡುಗಡೆಯ ಮಾತನ್ನು ಎತ್ತಲೇ ಇಲ್ಲ. "ವಿಳಾಸ ತಿಳಿದಿಲ್ಲ ಅಂತ ಬರ್ದಿದೀಯಾ?" ಎಂದರು. "ನಂಗೇ ತಿಳಿದಿದೆಯಲ್ಲೇ."

ಟೈಪಕ್ಕ ಆ ಚೂರನ್ನು ಅತ್ತೆಯ ಮುಂದಿಟ್ಟಳು.

"ತಿದ್ದಕ್ಕಾಗುತ್ತಾ?"

"ಆಗುತ್ತೆ ಅತ್ತೆ. ಎರಡು ವರ್ಷ ಜಾಸ್ತಿ ಹಿಡಿಯುತ್ತೆ."

"ಹಿಡೀಲಿ. ನಾಳೆ ನಾನೂ ಬರ್ತೀನಿ."

ಸೋಮವಾರ ಅತ್ತೆ ಬಂದು ಕಕ್ಷಿದಾರರು ಕೂರುವ ಸ್ಟೂಲಿನ ಮೇಲೆ ಕೂತರು. ವಕೀಲರು ಎರಡು ವರ್ಷದ ಲೆಕ್ಕ ತೆಗೆದು ಗೊಣಗಿದರು, ಯಾರೂ ಕಿವಿಗೊಡಲಿಲ್ಲ. ಟೈಪಕ್ಕ ಆ ಸಾಲನ್ನು ಅಳಿಸಿ, ಅಭ್ಯಾಸಬಲದಿಂದ "ವಿಳಾಸ ಹೇಳಿ" ಎಂದುಬಿಟ್ಟಳು. ಅತ್ತೆ ಹೇಳಿದರು. ಮನೆ ನಂಬರು, ಮಹಡಿ, ನಾಲಿಗೆ ಹೊರಳದ ಆ ಬೀದಿಯ ಹೆಸರು, ಬಂದರು, ಕೊನೆಯ ಅಂಚೆ ಸಂಖ್ಯೆ, ಒಂದು ಅಂಕಿಯೂ ತಪ್ಪದೆ. ವರ್ಷಗಟ್ಟಲೆ ಸೊಸೆಯ ಬಾಯಿಂದ ಕೇಳಿ ಕಲಿತದ್ದು. ಕಣ್ಣು ಮಂಜಾಗಿದ್ದರೂ ಟೈಪಕ್ಕನ ಬೆರಳು ತಪ್ಪಲಿಲ್ಲ.

"ನಿನ್ನ ವಿಳಾಸ ಏನಂತ ಹಾಕಿದೀಯ?"

"ನಮ್ಮನೇದೇ, ಅತ್ತೆ."

"ನಂದೂ ಅದೇ ತಾನೆ, ಇನ್ಮುಂದೆನೂ?"

"ಅದೇ, ಅತ್ತೆ."

ಪ್ರಿಂಟರು ಅವತ್ತು ಹಟ ಮಾಡಲಿಲ್ಲ. ಟೈಪಕ್ಕ ಹಾಳೆಯನ್ನು ಪೂರ್ತಿ ಓದಿ ಹೇಳಿದಳು. ಅತ್ತೆ ತಲೆಯಾಡಿಸಿ ಕೇಳಿದರು. ಕೇಳಿ ಮುಗಿದ ಮೇಲೆ ಹಾಳೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದು, ಪಕ್ಕದಲ್ಲಿ ನಿಂತಿದ್ದ ವಕೀಲರ ಮುಂದೆ ಹಿಡಿದರು.

"ಸ್ವಲ್ಪ ನೋಡಪ್ಪ. ಅವಳು ಓದಿದ್ದೇ ಇದೆಯಾ ಇದರಲ್ಲಿ?"